ಓಡುತ್ತಿರುವಾಗಲೇ ಎಂಜಿನ್ ತಟ್ಟನೆ ಆಫ್: ಕರೆಂಟ್ ಎಲ್ಲಿ ತಪ್ಪುತ್ತಿದೆ?

ನ್ಯೂಟ್ರಲ್‌ಲೈಟ್
ನನ್ನ ಬೈಕ್ ಸಿಂಗಲ್ ಸಿಲಿಂಡರ್, ಫ್ಯೂಯಲ್ ಇಂಜೆಕ್ಷನ್. ತಣ್ಣಗಿದ್ದಾಗ ಏನೂ ತೊಂದರೆ ಇಲ್ಲ. ಇಪ್ಪತ್ತು, ಇಪ್ಪತ್ತೈದು ನಿಮಿಷ ಓಡಿ ಎಂಜಿನ್ ಚೆನ್ನಾಗಿ ಕಾದಮೇಲೆ ತಟ್ಟನೆ ಆಫ್ ಆಗುತ್ತೆ. ತೊದಲೋದು, ಎಳೆತ ಕಮ್ಮಿ ಆಗೋದು ಯಾವುದೂ ಇಲ್ಲ, ಕಿಲ್ ಸ್ವಿಚ್ (ಹ್ಯಾಂಡಲ್ ಮೇಲೆ ಎಂಜಿನ್ ಆಫ್ ಮಾಡೋ ಸ್ವಿಚ್) ಒತ್ತಿದ ಹಾಗೆ. ಮೀಟರ್ ದೀಪ ಉರೀತಾನೇ ಇರುತ್ತೆ, ಹಾರ್ನ್ ಬರುತ್ತೆ, ಸ್ಟಾರ್ಟರ್ ಜೋರಾಗಿ ತಿರುಗುತ್ತೆ, ಆದರೆ ಎಂಜಿನ್ ಹಿಡಿಯಲ್ಲ. ಹತ್ತು ನಿಮಿಷ ಬಿಟ್ಟರೆ ಮೊದಲ ಒತ್ತಿಗೇ ಸ್ಟಾರ್ಟ್.

ಇಲ್ಲಿವರೆಗೆ ನೋಡಿರೋದು: ಬ್ಯಾಟರಿ ನಿಂತಾಗ 12.6 ವೋಲ್ಟ್, 4000 ಆರ್‌ಪಿಎಂನಲ್ಲಿ 14.1. ಫ್ಯೂಸ್ ಎಲ್ಲ ಸರಿ. ಬ್ಯಾಟರಿ ಟರ್ಮಿನಲ್ ಉಜ್ಜಿ ಬಿಗಿ ಮಾಡಿದ್ದಾಗಿದೆ. ಪ್ಲಗ್ ಹೊಸದು. ಚೆಕ್ ಲೈಟ್ ಬರ್ತಿಲ್ಲ. ಒಬ್ಬ ಮೆಕ್ಯಾನಿಕ್ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಅಂತಾರೆ, ಇನ್ನೊಬ್ಬರು ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡೋದು) ಅಂತಾರೆ. ಎರಡರಲ್ಲಿ ಒಂದನ್ನ ಕೊಳ್ಳೋ ಮುಂಚೆ ಯಾವ ಕ್ರಮದಲ್ಲಿ ನೋಡಬೇಕು?

ಗ್ರೀಸ್‌ಕೈ
ಕಾಯಿಲ್. ಬಿಸಿಗೆ ಸತ್ತು ತಣ್ಣಗಾದರೆ ಬದುಕೋದು ಅಂದ್ರೆ ಕಾಯಿಲ್ಲೇ. ಬದಲಾಯಿಸಿ, ಮುಗೀತು.

ಮೂರುಹಳದಿ
ಹಾಗೆ ಹೇಳಿಬಿಡಬೇಡಿ ಗುರು. ಬಿಸಿಗೆ ಕೈಕೊಡೋ ಸಾಮಾನು ಕಾಯಿಲ್ ಒಂದೇ ಅಲ್ಲ. ಪಲ್ಸರ್ ಕಾಯಿಲ್ ಇದೆ (ಬೈಕಿನ ಹೆಸರಲ್ಲ, ಎಂಜಿನ್ ತಿರುಗೋದನ್ನ ಇಸಿಯುಗೆ ಹೇಳೋ ಕ್ರ್ಯಾಂಕ್ ಸೆನ್ಸರ್), ಫ್ಯೂಯಲ್ ಪಂಪ್ ಇದೆ, ರಿಲೇ (ಕರೆಂಟಿಂದ ನಡೆಯೋ ಸ್ವಿಚ್) ಇದೆ, ಸಡಿಲವಾದ ಕಪ್ಲರ್ (ವೈರ್ ಜೋಡಿಸೋ ಪ್ಲಾಸ್ಟಿಕ್ ಕನೆಕ್ಟರ್) ಪಿನ್ ಇದೆ. ಎಲ್ಲದರದ್ದೂ ಹೊರಗಿಂದ ಒಂದೇ ಲಕ್ಷಣ.

ನ್ಯೂಟ್ರಲ್‌ಲೈಟ್ ಅವರೇ, ಈಗ ನೋಡಿರೋ ಅಳತೆಗಳೆಲ್ಲ ಗಾಡಿ ಚೆನ್ನಾಗಿದ್ದಾಗಿನವು. ಚೆನ್ನಾಗಿದ್ದಾಗ ಅಳೆದರೆ ಚೆನ್ನಾಗೇ ಬರುತ್ತೆ. ಎಂಜಿನ್ ನಿಂತಮೇಲೆ ಸಿಗೋ ಆ ಹತ್ತು ನಿಮಿಷವೇ ನಿಮ್ಮ ಕೈಲಿರೋ ಸಮಯ. ಆಗ ಗಾಬರಿಯಲ್ಲಿ ಸೆಲ್ಫ್ ಒತ್ತುತ್ತಾ ಕೂರಬೇಡಿ. ಗಾಡಿ ಬದಿಗೆ ಹಾಕಿ, ಈ ಕ್ರಮದಲ್ಲಿ ನೋಡಿ.

ಮೊದಲು ಕೀ ಆಫ್ ಮಾಡಿ ಆನ್ ಮಾಡಿ. ಟ್ಯಾಂಕ್ ಕೆಳಗಿಂದ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಅನ್ನಬೇಕು. ಅಂದರೆ ಮೇನ್ ಫ್ಯೂಸ್, ಕೀ ಸ್ವಿಚ್, ಕಿಲ್ ಸ್ವಿಚ್, ಪಂಪ್ ರಿಲೇ ಇಷ್ಟೂ ಆ ಕ್ಷಣಕ್ಕೆ ಸರಿ ಇವೆ. ಅನ್ನದಿದ್ದರೆ ಹುಡುಕಾಟ ಅಲ್ಲೇ ಶುರು.

ಆಮೇಲೆ ಸೆಲ್ಫ್ ಒತ್ತಿ ನಾಲ್ಕೈದು ಸೆಕೆಂಡ್ ತಿರುಗಿಸಿ. ತಿರುಗುವಾಗ ಪಂಪ್ ಮತ್ತೆ ಓಡ್ತಿದೆಯಾ? ಸ್ಟಾರ್ಟರ್ ಸದ್ದಲ್ಲಿ ಕೇಳಲ್ಲ, ಟ್ಯಾಂಕ್ ತಳಕ್ಕೆ ಕೈ ಇಟ್ಟು ಅದುರೋದನ್ನ ನೋಡಿ.

ಕೊನೆಗೆ ಪ್ಲಗ್ ಬಿಚ್ಚಿ ಮೂಸಿ. ಎಂಜಿನ್ ಕಾದಿರುತ್ತೆ, ಕೈಗವಸು ಇರಲಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೀತಿದೆಯಾ, ಒಣಗಿದೆಯಾ ಅಂತ ಬರೆದಿಟ್ಟುಕೊಳ್ಳಿ. ಇಷ್ಟು ಸಾಕು, ಅರ್ಧ ಜಾಗ ತಳ್ಳಿಹಾಕಬಹುದು.

ಟ್ಯಾಂಕ್‌ಮುಚ್ಚಳ
ಕರೆಂಟ್ ಅಂತ ನೀವೇ ಯಾಕೆ ತೀರ್ಮಾನ ಮಾಡ್ತೀರಿ? ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿದ್ರೂ ಇಪ್ಪತ್ತು ನಿಮಿಷಕ್ಕೆ ನಿಲ್ಲುತ್ತೆ, ಸ್ವಲ್ಪ ಹೊತ್ತು ಬಿಟ್ಟರೆ ಹೊರಡುತ್ತೆ. ನಿಂತ ತಕ್ಷಣ ಮುಚ್ಚಳ ತೆಗೀರಿ, ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಅದೇ ಕಾಯಿಲೆ.

ಮೂರುಹಳದಿ
ಒಪ್ಪಿದೆ, ಮುಚ್ಚಳ ತೆಗೆದು ನೋಡೋಕೆ ಎರಡು ಸೆಕೆಂಡ್, ನೋಡಲಿ. ಆದರೆ ಪೆಟ್ರೋಲ್ ಬರದೇ ನಿಲ್ಲೋ ಗಾಡಿ ಸಾಯೋ ಮುಂಚೆ ಹೇಳುತ್ತೆ. ಕಾರ್ಬ್ಯುರೇಟರ್ ಆದರೆ ಬೌಲ್ ಖಾಲಿಯಾಗೋವರೆಗೆ ಎಳೆಯುತ್ತೆ, ಜಗ್ಗುತ್ತೆ, ಥ್ರಾಟಲ್ ಕಮ್ಮಿ ಮಾಡಿದರೆ ಸ್ವಲ್ಪ ಚೇತರಿಸಿಕೊಳ್ಳುತ್ತೆ. ಇವರದ್ದು ಸ್ವಿಚ್ ಒತ್ತಿದ ಹಾಗೆ ಅಂತಿದ್ದಾರೆ.

ಆರ್‌ಪಿಎಂ
ಇನ್ನೊಂದು ಗುರುತು. ನಿಲ್ಲೋ ಕ್ಷಣದಲ್ಲಿ ಟ್ಯಾಕೋಮೀಟರ್ ನೋಡಿ. ಗಾಡಿ ಇನ್ನೂ ಗೇರಲ್ಲೇ ಉರುಳ್ತಿದೆ, ಚಕ್ರ ಎಂಜಿನ್‌ನ ತಿರುಗಿಸ್ತಿದೆ, ಆದರೂ ಆರ್‌ಪಿಎಂ ಒಂದೇ ಸಲ ಸೊನ್ನೆಗೆ ಬಿತ್ತು ಅಂದ್ರೆ ಕ್ರ್ಯಾಂಕ್ ಸಿಗ್ನಲ್ ಹೋಗಿದೆ, ಇಲ್ಲವೇ ಇಸಿಯುಗೆ ಕರೆಂಟ್ ಹೋಗಿದೆ. ಗಾಡಿಯ ವೇಗ ಇಳಿದ ಹಾಗೆ ಆರ್‌ಪಿಎಂ ಕೂಡ ಜೊತೆಗೇ ಇಳೀತಿದ್ದರೆ ಕಾಯಿಲ್ ಅಥವಾ ಪೆಟ್ರೋಲ್ ಕಡೆ.

ಹಳೇಸಿಡಿಐ
ಕಿಲ್ ಸ್ವಿಚ್ ವೈರ್ ಕಿತ್ತು ಬಿಟ್ಟು ಓಡಿಸಿ ನೋಡಿ. ಕಿಲ್ ಸ್ವಿಚ್ ತಪ್ಪಾಗಿದ್ದರೆ ಮತ್ತೆ ನಿಲ್ಲಲ್ಲ.

ಅರ್ತ್‌ಪಾಯಿಂಟ್
ಹಳೇಸಿಡಿಐ, ಇದು ನಿಮ್ಮ ಗಾಡಿಗೆ ಸರಿ, ಅವರ ಗಾಡಿಗೆ ಅಲ್ಲ. ಇದನ್ನ ಗಟ್ಟಿಯಾಗಿ ಹೇಳಲೇಬೇಕು.

ಕಿಲ್ ಸ್ವಿಚ್ ಎರಡು ಥರ. ಮ್ಯಾಗ್ನೆಟ್‌ನಿಂದಲೇ ಓಡೋ ಹಳೇ ಎಸಿ ಸಿಡಿಐ (ಬ್ಯಾಟರಿ ಬೇಡದ ಇಗ್ನಿಷನ್) ಗಾಡಿಯಲ್ಲಿ ಕಿಲ್ ವೈರನ್ನ ಅರ್ತ್‌ಗೆ (ಫ್ರೇಮ್, ಬ್ಯಾಟರಿ ನೆಗೆಟಿವ್) ಮುಟ್ಟಿಸಿದರೆ ಎಂಜಿನ್ ನಿಲ್ಲುತ್ತೆ. ಅಲ್ಲಿ ವೈರ್ ಕಿತ್ತರೆ ಎಂಜಿನ್ ಓಡ್ತಾನೇ ಇರುತ್ತೆ, ಹಾಗಾಗಿ ಪರೀಕ್ಷೆ ಸುಲಭ. ಆ ವೈರ್ ಎಲ್ಲೋ ಫ್ರೇಮ್‌ಗೆ ಉಜ್ಜಿ ಸಿಪ್ಪೆ ಹೋದರೆ ಗುಂಡಿ ಬಿದ್ದಾಗೆಲ್ಲ ನಿಲ್ಲುತ್ತೆ.

ಬ್ಯಾಟರಿಯಿಂದ ಓಡೋ ಟಿಸಿಐ (ಟ್ರಾನ್ಸಿಸ್ಟರ್ ಇಗ್ನಿಷನ್), ಇಸಿಯು ಗಾಡಿಗಳಲ್ಲಿ ಪೂರಾ ಉಲ್ಟಾ. ಕಿಲ್ ಸ್ವಿಚ್ ಮೂಲಕವೇ 12 ವೋಲ್ಟ್ ಹಾದು ಕಾಯಿಲ್‌ಗೋ ರಿಲೇಗೋ ಹೋಗುತ್ತೆ. ಸ್ವಿಚ್ ಬಿಡಿಸಿಕೊಂಡರೆ ನಿಲ್ಲುತ್ತೆ. ಇಲ್ಲಿ ವೈರ್ ಕಿತ್ತರೆ ಗಾಡಿ ಸ್ಟಾರ್ಟೇ ಆಗಲ್ಲ. ಇನ್ನು ಯಾರಾದರೂ ಈ ಥರದ ಗಾಡಿಯ ಕಿಲ್ ವೈರನ್ನ ಅರ್ತ್‌ಗೆ ಮುಟ್ಟಿಸಿ ನೋಡಿದರೆ ಫ್ಯೂಸ್ ಹೋಗುತ್ತೆ.

ಹಳೇಸಿಡಿಐ
ಸರಿ ಸಾರ್, ಇಂಜೆಕ್ಷನ್ ಅಂತ ಬರೆದಿದ್ದು ಗಮನಿಸಲಿಲ್ಲ. ನಾನು ಹೇಳಿದ್ದು ಎಸಿ ಸಿಡಿಐಗೆ ಮಾತ್ರ.

ಕಪ್ಪುಬಿಳಿ
ವೈರ್ ಬಣ್ಣ ನೋಡಿ ಅರ್ತ್ ಅಂತ ಊಹೆ ಮಾಡೋರಿಗೂ ಒಂದು ಮಾತು. ಹೋಂಡಾದಲ್ಲಿ ಅರ್ತ್ ಹಸಿರು. ಯಮಹಾದಲ್ಲಿ ಕಪ್ಪು. ಸುಜುಕಿಯಲ್ಲಿ ಕಪ್ಪಿನ ಮೇಲೆ ಬಿಳಿ ಗೆರೆ. ಕವಾಸಾಕಿಯಲ್ಲಿ ಕಪ್ಪಿನ ಮೇಲೆ ಹಳದಿ ಗೆರೆ. ಅದೇ ಕಪ್ಪು-ಬಿಳಿ ವೈರು ಹೋಂಡಾದಲ್ಲಿ ಇಗ್ನಿಷನ್, ಕಿಲ್ ಕಡೆಯದ್ದು. ಒಂದು ಕಂಪನಿಯ ಅಭ್ಯಾಸ ಇನ್ನೊಂದಕ್ಕೆ ತಂದರೆ ನೇರ ಶಾರ್ಟ್. ಆಯಾ ಮಾಡೆಲ್‌ನ ವೈರಿಂಗ್ ಡಯಾಗ್ರಾಮ್ ಎದುರಿಗೆ ಇಟ್ಟುಕೊಂಡೇ ಕೈ ಹಾಕಿ.

ಹೆಡ್‌ಲೈಟ್
ಆಲ್ಟರೇಷನ್ ಏನಾದರೂ ಇದೆಯಾ? ಜಿಪಿಎಸ್ ಟ್ರ್ಯಾಕರ್, ಕಳ್ಳತನದ ಅಲಾರಂ, ಫಾಗ್ ಲ್ಯಾಂಪ್? ಎಂಜಿನ್ ಆಫ್ ಮಾಡೋ ಸೌಲಭ್ಯ ಇರೋ ಟ್ರ್ಯಾಕರ್, ಅಲಾರಂ ಎಲ್ಲ ಇಗ್ನಿಷನ್ ವೈರನ್ನ ಕತ್ತರಿಸಿ ಮಧ್ಯೆ ಒಂದು ರಿಲೇ ಕೂರಿಸ್ತವೆ. ರಿಲೇ ಕಾದು ಬಿಟ್ಟುಕೊಂಡರೆ ಎಂಜಿನ್ ಕಥೆ ಮುಗೀತು, ಮೀಟರ್ ಮಾತ್ರ ಉರೀತಿರುತ್ತೆ. ಇದ್ದರೆ ಮೊದಲು ಅದನ್ನ ತೆಗೆದು ವೈರ್ ಮೊದಲಿನ ಹಾಗೆ ಜೋಡಿಸಿ, ಆಮೇಲೆ ಮಿಕ್ಕಿದ್ದು.

ನ್ಯೂಟ್ರಲ್‌ಲೈಟ್
ಏನೂ ಸೇರಿಸಿಲ್ಲ. ವೈರಿಂಗ್ ಕಂಪನಿಯಿಂದ ಬಂದ ಹಾಗೇ ಇದೆ. ಟ್ಯಾಂಕ್ ಮುಚ್ಚಳವೂ ಸರಿ ಇದೆ, ನಿಂತಾಗ ತೆಗೆದರೆ ಗಾಳಿ ಎಳೆಯಲ್ಲ.

ಗ್ರೀಸ್‌ಕೈ
ಹಾಗಾದ್ರೆ ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಿ. ಮಣ್ಣು, ನೀರು ಸೇರಿ ಅದು ಹಾಳಾಗೋದು ಜಾಸ್ತಿ. ಎರಡು ವೈರ್ ಸೇರಿಸಿ ಟೇಪ್ ಸುತ್ತಿಬಿಟ್ಟರೆ ಜೀವಮಾನದಲ್ಲಿ ಆ ತಲೆನೋವೇ ಇರಲ್ಲ.

ಅರ್ತ್‌ಪಾಯಿಂಟ್
ಪರೀಕ್ಷೆಗೆ ಸೇರಿಸಿ, ಹಾಗೇ ಬಿಡಬೇಡಿ. ಸ್ಟ್ಯಾಂಡ್ ಇಳಿದಿದ್ದು ಗೊತ್ತಾಗದೆ ಎಡಕ್ಕೆ ತಿರುಗಿಸಿದರೆ ಸ್ಟ್ಯಾಂಡ್ ನೆಲಕ್ಕೆ ತಾಗಿ ಗಾಡಿಯನ್ನೇ ಎತ್ತಿ ಹಾಕುತ್ತೆ. ಆ ಸ್ವಿಚ್ ಇರೋದೇ ಅದಕ್ಕೆ. ಅಲ್ಲದೆ ಎಲ್ಲ ಗಾಡಿಯಲ್ಲೂ ಎರಡೇ ವೈರ್ ಇರಲ್ಲ. ಮೂರು ವೈರ್ ಇದ್ದು ಒಂದು ಮೀಟರ್ ದೀಪಕ್ಕೆ ಹೋಗೋ ಮಾಡೆಲ್‌ಗಳೂ ಇವೆ, ಅಲ್ಲಿ ಯಾವುದು ಯಾವುದಕ್ಕೆ ಸೇರಬೇಕು ಅಂತ ಡಯಾಗ್ರಾಮ್ ನೋಡಬೇಕು.

ಗ್ರೀಸ್‌ಕೈ
ಸ್ವಿಚ್ ಇಲ್ಲದ ಗಾಡಿಗಳು ಎಷ್ಟೋ ವರ್ಷ ಓಡಿಲ್ಲವಾ?

ಅರ್ತ್‌ಪಾಯಿಂಟ್
ಓಡಿವೆ, ಬಿದ್ದೂ ಇವೆ. ಹೊಸ ಸ್ವಿಚ್ ಹಾಕೋದು ಎರಡು ಬೋಲ್ಟ್ ಕೆಲಸ. ಇದರ ಬಗ್ಗೆ ನಾನು ರಾಜಿ ಆಗಲ್ಲ.

ಸೈಡ್ ಸ್ಟ್ಯಾಂಡ್ ಸ್ವಿಚ್ಚಿನ ಲಕ್ಷಣವೇ ಬೇರೆ, ಅದನ್ನೂ ಹೇಳ್ತೀನಿ. ಗುಂಡಿಗೆ ಬಿದ್ದಾಗ, ಹಂಪ್ ಹಾರಿದಾಗ ನಿಲ್ಲುತ್ತೆ. ಸ್ಟ್ಯಾಂಡ್ ಸ್ಪ್ರಿಂಗ್ ಜೋಲು ಬಿದ್ದು ಸ್ಟ್ಯಾಂಡ್ ಕುಣಿಯುತ್ತೆ, ಸ್ವಿಚ್ ಕ್ಷಣಮಾತ್ರ ಬಿಟ್ಟುಕೊಳ್ಳುತ್ತೆ. ನ್ಯೂಟ್ರಲ್‌ಗೆ ತಂದರೆ ಸ್ಟಾರ್ಟ್ ಆಗಿ, ಗೇರ್ ಹಾಕಿದ ಕೂಡಲೇ ಸತ್ತರೆ ಖಂಡಿತ ಅದೇ. ಹತ್ತು ನಿಮಿಷ ತಣ್ಣಗಾಗೋಕೆ ಕಾಯೋದು ಅದರ ಗುಣ ಅಲ್ಲ.

ಒರಗು
ಟಿಪ್-ಓವರ್ ಸೆನ್ಸರ್ ಮರೀಬೇಡಿ. ಗಾಡಿ ಬಿದ್ದಾಗ ಎಂಜಿನ್ ನಿಲ್ಲಿಸೋದು ಅದರ ಕೆಲಸ. ಅದನ್ನ ಕೂರಿಸಿರೋ ರಬ್ಬರ್ ಸಡಿಲ ಆದ್ರೆ, ಅಥವಾ ಸರ್ವಿಸ್ ಸಮಯದಲ್ಲಿ ಬಾಣದ ಗುರುತು ಮೇಲೆ ಬರೋ ಬದಲು ಪಕ್ಕಕ್ಕೆ ತಿರುಗಿಸಿ ಕೂರಿಸಿದ್ರೆ, ಸುಮ್ಮನೆ ಹೋಗ್ತಿದ್ದರೂ ಗಾಡಿ ಬಿದ್ದಿದೆ ಅಂತ ಹೇಳಿಬಿಡುತ್ತೆ. ಇದರ ಗುರುತು: ಕೀ ಪೂರ್ತಿ ಆಫ್ ಮಾಡಿ ಆನ್ ಮಾಡಿದ ತಕ್ಷಣ ಸ್ಟಾರ್ಟ್. ತಣ್ಣಗಾಗೋದು ಬೇಕಿಲ್ಲ.

ಕಿಕ್ಕರ್
ಚಾರ್ಜಿಂಗ್ ಮೇಲೇ ಅನುಮಾನ ಇದ್ದರೆ ಎಂಜಿನ್ ಓಡ್ತಿರುವಾಗ ಬ್ಯಾಟರಿಯ ಒಂದು ವೈರ್ ತೆಗೀರಿ. ಓಡ್ತಿದ್ದರೆ ಚಾರ್ಜಿಂಗ್ ಚೆನ್ನಾಗಿದೆ.

ಮೂರುಹಳದಿ
ದಯವಿಟ್ಟು ಬೇಡ! ಯಾರೂ ಇದನ್ನ ಮಾಡಬೇಡಿ. ಬ್ಯಾಟರಿ ಸರ್ಕ್ಯೂಟ್‌ನಲ್ಲಿ ಇರೋವರೆಗೆ ವೋಲ್ಟೇಜ್ ಏರಿಳಿತವನ್ನ ಅದು ನುಂಗಿಕೊಳ್ಳುತ್ತೆ. ತೆಗೆದ ಆ ಕ್ಷಣ ಏಳೋ ಏಟಿಗೆ ಇಸಿಯು, ಮೀಟರ್, ಎಲ್‌ಇಡಿ ದೀಪ ಯಾವುದು ಬೇಕಾದರೂ ಸುಟ್ಟುಹೋಗಬಹುದು. ಬ್ಯಾಟರಿ ಇಲ್ಲದೆಯೂ ಓಡುತ್ತಿದ್ದ ಎಸಿ ಸಿಡಿಐ ಕಾಲದ ಪರೀಕ್ಷೆ ಅದು.

ಚಾರ್ಜಿಂಗ್ ನೋಡೋ ಸರಿಯಾದ ದಾರಿ: ಬ್ಯಾಟರಿ ಪೋಸ್ಟ್‌ಗಳ ಮೇಲೆ ಮೀಟರ್ ಇಟ್ಟು 4000–5000 ಆರ್‌ಪಿಎಂ. 13.8ರಿಂದ 14.5ರ ನಡುವೆ ಇದ್ದರೆ ಚೆನ್ನ. 15 ದಾಟಿದರೆ ಆರ್‌ಆರ್ ಯೂನಿಟ್ (ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್-ರೆಕ್ಟಿಫೈಯರ್) ಹೋಗಿದೆ. 13ಕ್ಕಿಂತ ಕೆಳಗೆ ಇದ್ದರೆ ಮಾತ್ರ ಸ್ಟೇಟರ್‌ನ (ಮ್ಯಾಗ್ನೆಟ್ ಕವರ್ ಒಳಗೆ ಕರೆಂಟ್ ಹುಟ್ಟಿಸೋ ಸುರುಳಿ) ಮೂರು ಹಳದಿ ವೈರ್ ಕಪ್ಲರ್ ಬಿಚ್ಚಿ. ಯಾವ ಎರಡರ ನಡುವೆ ಅಳೆದರೂ 1 ಓಮ್‌ಗಿಂತ ಕಮ್ಮಿ ಬರಬೇಕು, ಮೂರೂ ಜೋಡಿ ಒಂದೇ ಸಮ ಇರಬೇಕು, ಯಾವುದರಿಂದಲೂ ಅರ್ತ್‌ಗೆ ಸಂಪರ್ಕ ಇರಕೂಡದು. ಆ ಕಪ್ಲರನ್ನೇ ಒಮ್ಮೆ ನೋಡಿ, ಪ್ಲಾಸ್ಟಿಕ್ ಕಂದು ತಿರುಗಿ ಕರಗಿದ್ದರೆ ಸಂಪರ್ಕ ಸಡಿಲವಾಗಿ ಕಾದಿದೆ ಅಂತಲೇ ಅರ್ಥ.

ಇವರದ್ದು 14.1. ಚಾರ್ಜಿಂಗ್ ಬಿಟ್ಟು ಮುಂದೆ ಹೋಗೋಣ.

ಹೆಡ್‌ಲೈಟ್
12.6 ಇದ್ದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಅಂತಲೂ ಅಲ್ಲ. ಒಳಗಿನ ಸೆಲ್ ಜೋಡಣೆ ಬಿರುಕು ಬಿಟ್ಟಿದ್ದರೆ ನಿಂತಾಗ 12.6 ತೋರಿಸಿ, ಸೆಲ್ಫ್ ಒತ್ತಿದಾಗ 5ಕ್ಕೋ 6ಕ್ಕೋ ಬೀಳುತ್ತೆ. ಸೆಲ್ಫ್ ತಿರುಗುವಾಗ 10ರ ಆಸುಪಾಸು ನಿಲ್ಲಬೇಕು.

ಮೂರುಹಳದಿ
ಮಾತು ಸರಿ. ಆದರೆ ಇವರ ಗಾಡಿ ನಿಂತಮೇಲೂ ಸೆಲ್ಫ್ ಜೋರಾಗಿ ತಿರುಗ್ತಿದೆ, ಹಾಗಾಗಿ ಬ್ಯಾಟರಿ ಪಾರು.

ತಂತಿಬಾಲ
ಈ ಕೇಸಿಗೆ ಮಲ್ಟಿಮೀಟರ್‌ಗಿಂತ ಒಳ್ಳೇ ಸಾಧನ ಒಂದು ಪುಟ್ಟ ಎಲ್‌ಇಡಿ. ವಿವರವಾಗಿ ಬರೀತೀನಿ, ಯಾಕಂದ್ರೆ ಓಡುವಾಗ ಬಂದು ಹೋಗೋ ತೊಂದರೆ ಹಿಡಿಯೋಕೆ ಇದಕ್ಕಿಂತ ಸುಲಭದ್ದು ಇಲ್ಲ.

ಒಂದು ಕೆಂಪು ಎಲ್‌ಇಡಿ, ಅದರ ಉದ್ದ ಕಾಲಿಗೆ 1 ಕಿಲೋ ಓಮ್ ರೆಸಿಸ್ಟರ್. ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತೆ, ಉಳಿದ 10 ವೋಲ್ಟ್ ರೆಸಿಸ್ಟರ್ ಮೇಲೆ, ಅಂದರೆ 10 ಮಿಲಿಆಂಪ್. ಇಸಿಯುಗೆ ಇದರ ಅರಿವೇ ಆಗಲ್ಲ. ರೆಸಿಸ್ಟರ್ ಕಡೆಯ ವೈರನ್ನ ಇಗ್ನಿಷನ್ ಕಾಯಿಲ್‌ಗೆ 12 ವೋಲ್ಟ್ ತರೋ ವೈರಿಗೆ ಸೇರಿಸಿ, ಇನ್ನೊಂದು ತುದಿ ಬ್ಯಾಟರಿ ನೆಗೆಟಿವ್‌ಗೆ. ಕಾಯಿಲ್‌ಗೆ ಎರಡು ವೈರ್ ಇರುತ್ತೆ. ಕೀ ಆನ್ ಇಟ್ಟು ಕಪ್ಲರ್ ಬಿಚ್ಚಿ ನೋಡಿದಾಗ ವೈರಿಂಗ್ ಕಡೆಯಿಂದ 12 ವೋಲ್ಟ್ ಬರ್ತಿರೋದೇ ಬೇಕಾದ್ದು. ಇನ್ನೊಂದು ಇಸಿಯುಗೆ ಹೋಗೋದು, ಅದನ್ನ ಮುಟ್ಟಬೇಡಿ. ಎಲ್‌ಇಡಿಯನ್ನ ಮೀಟರ್ ಪಕ್ಕ ಟೇಪ್ ಹಾಕಿ ಅಂಟಿಸಿ, ಬಿಸಿಲಿಗೆ ಕಾಣೋ ಹಾಗೆ ಸುತ್ತ ಕಪ್ಪು ರಬ್ಬರ್ ಕೊಳವೆ ಹಾಕಿ. ವೈರಿನ ಬುಡದಲ್ಲಿ ಅರ್ಧ ಆಂಪ್ ಫ್ಯೂಸ್ ಇದ್ದರೆ ಇನ್ನೂ ನೆಮ್ಮದಿ.

ಈಗ ಓಡಿಸಿ. ಎಂಜಿನ್ ಸತ್ತ ಕ್ಷಣ ಎಲ್‌ಇಡಿ ಆರಿದರೆ ಹಿಂದಿನ ದಾರಿ ಕಡಿದಿದೆ: ಕೀ ಸ್ವಿಚ್, ಕಿಲ್ ಸ್ವಿಚ್, ರಿಲೇ, ಅವುಗಳ ಕಪ್ಲರ್. ಎಲ್‌ಇಡಿ ಉರೀತಿದ್ದೂ ಎಂಜಿನ್ ಸತ್ತರೆ ತೊಂದರೆ ಅದರ ಮುಂದೆ: ಕಾಯಿಲ್, ಕ್ರ್ಯಾಂಕ್ ಸಿಗ್ನಲ್, ಇಸಿಯು. ಬಲ್ಬ್ ಬೇಡ, ಎಲ್‌ಇಡಿಯೇ ಇರಲಿ. ಬಲ್ಬಿನ ತಂತಿ ಕರೆಂಟ್ ಹೋದಮೇಲೂ ಒಂದು ಕ್ಷಣ ಕೆಂಪಗೇ ಇರುತ್ತೆ, ಚಿಕ್ಕ ಕಡಿತ ಕಣ್ಣಿಗೆ ಬೀಳಲ್ಲ.

ಆರ್‌ಪಿಎಂ
ಒಳ್ಳೇದು. ಎರಡು ಎಲ್‌ಇಡಿ ಇದ್ದರೆ ಒಂದು ಕಿಲ್ ಸ್ವಿಚ್‌ಗೆ ಒಳಗೆ ಬರೋ ಕಡೆ, ಇನ್ನೊಂದು ಹೊರಗೆ ಹೋಗೋ ಕಡೆ. ಮೊದಲನೆಯದು ಉರಿದು ಎರಡನೆಯದು ಆರಿದರೆ ಸ್ವಿಚ್ಚೇ ಅಪರಾಧಿ.

ನ್ಯೂಟ್ರಲ್‌ಲೈಟ್
ಎಲ್‌ಇಡಿ ಹಾಕಿ ಓಡಿಸಿದ್ದಾಯ್ತು. 22 ನಿಮಿಷಕ್ಕೆ ನಿಂತಿತು. ಫಲಿತಾಂಶ:
ಎಲ್‌ಇಡಿ ಉರೀತಾನೇ ಇತ್ತು.
ಆರ್‌ಪಿಎಂ ಒಂದೇ ಸಲ ಸೊನ್ನೆ, ಗಾಡಿ ಇನ್ನೂ ಮೂರನೇ ಗೇರಲ್ಲಿ ಉರುಳ್ತಿತ್ತು.
ಕೀ ಆಫ್-ಆನ್ ಮಾಡಿದರೆ ಪಂಪ್ ಎರಡು ಸೆಕೆಂಡ್ ಓಡುತ್ತೆ.
ಸೆಲ್ಫ್ ತಿರುಗುವಾಗ ಪಂಪ್ ಓಡಲ್ಲ.
ಪ್ಲಗ್ ಪೂರಾ ಒಣಗಿದೆ, ವಾಸನೆಯೂ ಇಲ್ಲ.

ಮೂರುಹಳದಿ
ಹಾಗಾದರೆ ಇಗ್ನಿಷನ್ ಕಾಯಿಲ್ ಬಚಾವ್. ಗ್ರೀಸ್‌ಕೈ, ನೋಡಿ: ಕಾಯಿಲ್ ಹೋಗಿದ್ದರೆ ಇಂಜೆಕ್ಟರ್ ತನ್ನ ಪಾಡಿಗೆ ಪೆಟ್ರೋಲ್ ಚಿಮ್ಮಿಸ್ತಿತ್ತು, ಪ್ಲಗ್ ಒದ್ದೆ ಆಗಿರಬೇಕಿತ್ತು. ಇಲ್ಲಿ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ, ಪಂಪೂ ಸುಮ್ಮನಿದೆ. ಮೂರೂ ಒಟ್ಟಿಗೆ ನಿಲ್ಲೋದು ಎಂಜಿನ್ ತಿರುಗ್ತಿದೆ ಅಂತ ಇಸಿಯುಗೆ ಗೊತ್ತೇ ಆಗದಿದ್ದಾಗ. ಅಂದರೆ ಪಲ್ಸರ್ ಕಾಯಿಲ್ ಅಥವಾ ಅದರ ವೈರ್.

ಗ್ರೀಸ್‌ಕೈ
ಒಪ್ಪಿದೆ. ಆದರೆ ಸೆನ್ಸರ್ ಹೋಗಿದ್ದರೆ ಚೆಕ್ ಲೈಟ್ ಬರಬೇಕಿತ್ತಲ್ಲ?

ತಂತಿಬಾಲ
ಬರಲೇಬೇಕು ಅಂತಿಲ್ಲ. ಕ್ರ್ಯಾಂಕ್ ಸಿಗ್ನಲ್ ಇಲ್ಲ ಅಂದ್ರೆ ಅನೇಕ ಇಸಿಯುಗಳ ಲೆಕ್ಕದಲ್ಲಿ ಎಂಜಿನ್ ನಿಂತಿದೆ ಅಂತ ಅಷ್ಟೇ. ನಿಂತ ಎಂಜಿನ್‌ನಿಂದ ಸಿಗ್ನಲ್ ಬರದೇ ಇರೋದು ಅದಕ್ಕೆ ತಪ್ಪಾಗಿ ಕಾಣಲ್ಲ. ಕೆಲವು ಮಾಡೆಲ್ ಮಾತ್ರ ಬೇರೆ ಸೆನ್ಸರ್ ಜೊತೆ ತಾಳೆ ನೋಡಿ ಕೋಡ್ ಹಾಕುತ್ತವೆ.

ಕಿಕ್ಕರ್
ಹಾಗಾದ್ರೆ ಮ್ಯಾಗ್ನೆಟ್ ಕವರ್ ಬಿಚ್ಚಿ ಪಲ್ಸರ್ ಕಾಯಿಲ್ ಹಾಕಿಸಿ. ಬಹಳ ಗಾಡಿಗಳಲ್ಲಿ ಸ್ಟೇಟರ್ ಜೊತೆ ಸೆಟ್ಟಾಗೇ ಬರುತ್ತೆ, ಪೂರ್ತಿ ಸೆಟ್ ತಗೋಬೇಕಾಗಬಹುದು.

ತಂತಿಬಾಲ
ಸ್ವಲ್ಪ ತಡೀರಿ. ಕವರ್ ಬಿಚ್ಚಿದರೆ ಆಯಿಲ್ ಇಳಿಸಬೇಕು, ಗ್ಯಾಸ್ಕೆಟ್ ಹೊಸದು ಹಾಕಬೇಕು. ಅದಕ್ಕೂ ಮುಂಚೆ ಎರಡು ಜಾಗದಲ್ಲಿ ಅಳತೆ.

ತಣ್ಣಗಿದ್ದಾಗ: ಕೀ ಆಫ್, ಬ್ಯಾಟರಿ ನೆಗೆಟಿವ್ ತೆಗೆದು, ಇಸಿಯು ಕಪ್ಲರ್ ಬಿಚ್ಚಿ, ಅಲ್ಲಿ ಪಲ್ಸರ್‌ನ ಎರಡು ಪಿನ್ ನಡುವೆ ಓಮ್ ಅಳೆದು ಬರೆದುಕೊಳ್ಳಿ. ಸಾಮಾನ್ಯವಾಗಿ 100ರಿಂದ 500 ಓಮ್ ನಡುವೆ ಎಲ್ಲೋ ಇರುತ್ತೆ, ನಿಮ್ಮ ಮಾಡೆಲ್‌ನ ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿ ಸಿಗುತ್ತೆ. ಆಮೇಲೆ ಗಾಡಿ ನಿಂತ ಕೂಡಲೇ ಅದೇ ಜಾಗದಲ್ಲಿ ಮತ್ತೆ. ಅಲ್ಲಿ ಓಪನ್ (ಸಂಪರ್ಕ ಕಡಿದಿದೆ ಅಂತ) ತೋರಿಸಿದರೆ ತಕ್ಷಣ ಎಂಜಿನ್ ಹತ್ತಿರದ ಪಲ್ಸರ್ ಕಪ್ಲರ್ ಬಿಚ್ಚಿ, ಎಂಜಿನ್ ಕಡೆಯಿಂದ ಬರೋ ಎರಡು ವೈರ್ ಮೇಲೆ ಅಳೆಯಿರಿ. ಅಲ್ಲೂ ಓಪನ್ ಬಂದರೆ ಪಲ್ಸರ್ ಕಾಯಿಲ್. ಅಲ್ಲಿ ಸರಿ ಬಂದರೆ ಕಾಯಿಲ್ ನಿರಪರಾಧಿ, ಮಧ್ಯದ ವೈರ್ ಅಥವಾ ಕಪ್ಲರ್.

ಒಂದು ಎಚ್ಚರಿಕೆ. ಮೀಟರಿನ ದಪ್ಪ ಮೊನೆಯನ್ನ ಕಪ್ಲರಿನ ಹೆಣ್ಣು ಪಿನ್ ಒಳಗೆ ತುರುಕಬೇಡಿ, ಅಗಲವಾಗಿ ನೀವೇ ಹೊಸ ಲೂಸ್ ಕಾಂಟ್ಯಾಕ್ಟ್ ಮಾಡಿದ ಹಾಗಾಗುತ್ತೆ. ವೈರ್ ಬರೋ ಹಿಂಬದಿಯಿಂದ ತೆಳ್ಳನೆ ಸೂಜಿ ಇಳಿಸಿ, ಸೂಜಿಗೆ ಮೀಟರ್ ಮುಟ್ಟಿಸಿ.

ಅರ್ತ್‌ಪಾಯಿಂಟ್
ಬಿಸಿಯಲ್ಲಿ ಓಮ್ ಸ್ವಲ್ಪ ಜಾಸ್ತಿ ಬಂದರೆ ಹೆದರಬೇಡಿ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತೆ. ಎಂಜಿನ್ 40 ಡಿಗ್ರಿ ಹೆಚ್ಚು ಕಾದಿದ್ದರೆ 15–16 ಶೇಕಡಾ ಜಾಸ್ತಿ ತೋರಿಸೋದು ಸಹಜ. ಪೂರ್ತಿ ಓಪನ್ ಆದರೆ, ಅಥವಾ ಅಂಕಿ ಒಂದು ಕಡೆ ನಿಲ್ಲದೆ ಕುಣೀತಿದ್ದರೆ ಮಾತ್ರ ತಪ್ಪು.

ಕಿಕ್ಕರ್
ವೈರ್ ಅನುಮಾನ ಇದ್ದರೆ ಕಂಟಿನ್ಯುಯಿಟಿ ಬೀಪ್ ಸಾಕಲ್ಲ, ಇಷ್ಟೆಲ್ಲ ಯಾಕೆ?

ತಂತಿಬಾಲ
ಬೀಪ್ ನಂಬಿ ಕೆಟ್ಟವರೇ ಜಾಸ್ತಿ. ವೈರಿನೊಳಗೆ ಹದಿನಾರು ಎಳೆ ಇದ್ದು ಹದಿನೈದು ತುಂಡಾಗಿದ್ದರೂ ಉಳಿದ ಒಂದೆಳೆಗೆ ಮೀಟರ್ ಬೀಪ್ ಅನ್ನುತ್ತೆ. ಪಂಪಿಗೋ ಕಾಯಿಲ್‌ಗೋ ಕರೆಂಟ್ ಒಯ್ಯೋ ವೈರಾದರೆ 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಅದರ ಮೂಲಕ ಉರಿಸಿ ನೋಡಿ. ಅದು ಸುಮಾರು 1.75 ಆಂಪ್ ಎಳೆಯುತ್ತೆ. ವೈರಲ್ಲಿ ಬರೀ 1 ಓಮ್ ಅಡ್ಡಿ ಇದ್ದರೂ ಒಂದೂವರೆ ವೋಲ್ಟ್ ಅಲ್ಲೇ ನಷ್ಟ, ಬಲ್ಬ್ ಮಂಕಾಗಿ ಕಾಣುತ್ತೆ.

ಅರ್ತ್‌ಪಾಯಿಂಟ್
ಪಲ್ಸರ್ ವೈರಿಗೆ ಬಲ್ಬ್ ಪರೀಕ್ಷೆ ಮಾಡೋದಾದ್ರೆ ಎರಡೂ ತುದಿ ಬಿಚ್ಚಿರಬೇಕು, ಇದನ್ನ ಸೇರಿಸಿ. ಇಸಿಯು ಕಪ್ಲರ್ ಹಾಕಿರುವಾಗಲೇ 12 ವೋಲ್ಟ್ ಕೊಟ್ಟರೆ ಇಸಿಯು ಒಳಗಿನ ಸರ್ಕ್ಯೂಟ್ ಹೋಗುತ್ತೆ.

ತಂತಿಬಾಲ
ಹೌದು, ಬಿಟ್ಟುಹೋಗಿತ್ತು. ಎರಡೂ ತುದಿ ಬಿಚ್ಚಿ.

ಮಳೆಸವಾರ
ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ಮಳೆಯಲ್ಲಿ ಮಾತ್ರ ತೊದಲಿ ನಿಲ್ಲೋ ಗಾಡಿಗೆ ಎಲ್ಲಿ ನೋಡಬೇಕು? ಡಬ್ಲ್ಯೂಡಿ-40 ಹೊಡೆದರೆ ಎರಡು ದಿನ ಸರಿ ಇರುತ್ತೆ.

ಆರ್‌ಪಿಎಂ
ಪ್ಲಗ್ ಕ್ಯಾಪ್, ಹೈಟೆನ್ಷನ್ ವೈರ್ (ಇಗ್ನಿಷನ್ ಕಾಯಿಲ್‌ನಿಂದ ಪ್ಲಗ್‌ಗೆ ಹೋಗೋದು). ಕತ್ತಲಲ್ಲಿ ಎಂಜಿನ್ ಓಡಿಸಿ ಅವುಗಳ ಮೇಲೆ ಸ್ಪ್ರೇ ಬಾಟಲಿಯಿಂದ ತುಂತುರು ನೀರು ಬಿಡಿ, ಕೈ ದೂರ ಇರಲಿ. ನೀಲಿ ಗೆರೆ ಹರಿದಾಡಿದರೆ ಜಾಗ ಸಿಕ್ತು. ಕ್ಯಾಪ್ ಸ್ಕ್ರೂ ಥರದ್ದಾದರೆ ಬಿಚ್ಚಿ, ವೈರಿನ ತುದಿ 5 ಮಿಲಿಮೀಟರ್ ಕತ್ತರಿಸಿ ಹೊಸ ತಾಮ್ರಕ್ಕೆ ತಿರುಗಿಸಿ. ಕ್ಯಾಪ್ ಒಳಗಿನ ರೆಸಿಸ್ಟರ್ ಸಾಮಾನ್ಯವಾಗಿ 5 ಕಿಲೋ ಓಮ್, ತುಂಬಾ ಜಾಸ್ತಿ ತೋರಿಸಿದರೆ ಕ್ಯಾಪ್ ಎಸೆಯಿರಿ. ಡಬ್ಲ್ಯೂಡಿ-40 ನೀರು ಓಡಿಸುತ್ತೆ ಅಷ್ಟೇ, ಬಿರುಕು ಮುಚ್ಚಲ್ಲ. ಕ್ಯಾಪ್ ಬಾಯಿಯ ರಬ್ಬರಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಹಚ್ಚಿ.

ಗ್ರೀಸ್‌ಕೈ
ಇಂಜೆಕ್ಷನ್ ಗಾಡಿಗೆ ಪ್ಲಗ್ ಹಾಕುವಾಗ ಆರ್ ಅಕ್ಷರ ಇರೋ ರೆಸಿಸ್ಟರ್ ಪ್ಲಗ್ಗೇ ಹಾಕಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ್ದನ್ನೇ. ರೆಸಿಸ್ಟರ್ ಇಲ್ಲದ್ದು ಹಾಕಿದರೆ ಕಿಡಿಯ ಗದ್ದಲ ಇಸಿಯು ಸಿಗ್ನಲ್‌ಗೆ ಸೇರಿ ವಿಚಿತ್ರ ಆಟ ಆಡುತ್ತೆ.

ನ್ಯೂಟ್ರಲ್‌ಲೈಟ್
ಅಳತೆ ಮುಗೀತು.
ತಣ್ಣಗಿದ್ದಾಗ ಇಸಿಯು ಕಪ್ಲರ್‌ನಲ್ಲಿ 212 ಓಮ್.
ನಿಂತ ಕೂಡಲೇ ಅದೇ ಜಾಗದಲ್ಲಿ ಓಪನ್.
ತಕ್ಷಣ ಎಂಜಿನ್ ಕಡೆ ಕಪ್ಲರ್‌ನಲ್ಲಿ 243, ಅಲುಗಾಡದೆ ನಿಂತಿದೆ.
ಅದೇ ಕಪ್ಲರ್ ಮತ್ತೆ ಹಾಕಿದಾಗ ಇಸಿಯು ಕಡೆ 244 ಬಂತು. ಕೈಯಲ್ಲಿ ವೈರ್ ಸ್ವಲ್ಪ ಎಳೆದರೆ ಮತ್ತೆ ಓಪನ್.

ಅರ್ತ್‌ಪಾಯಿಂಟ್
212ರಿಂದ 243, ಹದಿನೈದು ಶೇಕಡಾ. ಬಿಸಿ ತಾಮ್ರದ ಲೆಕ್ಕವೇ. ಕಾಯಿಲ್ ಗಟ್ಟಿಮುಟ್ಟಾಗಿದೆ.

ತಂತಿಬಾಲ
ಮ್ಯಾಗ್ನೆಟ್ ಕವರ್ ಬಿಚ್ಚೋದು ತಪ್ಪಿತು. ತೊಂದರೆ ಆ ಕಪ್ಲರ್ ಒಳಗೇ ಇದೆ. ಹಿಂಬದಿಯಿಂದ ಬೆಳಕು ಬಿಟ್ಟು ಪಿನ್‌ಗಳ ಮಟ್ಟ ನೋಡಿ. ಒಂದು ಪಿನ್ ಪಕ್ಕದ್ದಕ್ಕಿಂತ ಒಂದೆರಡು ಮಿಲಿಮೀಟರ್ ಹಿಂದೆ ಕೂತಿರುತ್ತೆ. ಪಿನ್ ಬೆನ್ನಿನ ಮೇಲಿರೋ ಸಣ್ಣ ನಾಲಿಗೆ ಪ್ಲಾಸ್ಟಿಕ್ ಮೆಟ್ಟಿಲಿಗೆ ಸಿಕ್ಕಿಹಾಕಿಕೊಳ್ಳಬೇಕು. ಅದು ಚಪ್ಪಟೆ ಆಗಿದ್ದರೆ ಕಪ್ಲರ್ ಒತ್ತಿದಾಗ ಪಿನ್ ಹಿಂದಕ್ಕೆ ಜಾರುತ್ತೆ. ತಣ್ಣಗಿದ್ದಾಗ ತುದಿ ತುದಿ ತಾಗಿರುತ್ತೆ, ಬಿಸಿಗೆ ಪ್ಲಾಸ್ಟಿಕ್ ಹಿಗ್ಗಿದಾಗ ಬಿಟ್ಟುಕೊಳ್ಳುತ್ತೆ.

ಮೂರುಹಳದಿ
ಇದೇ ಸಡಿಲ ಪಿನ್ ಹೆಡ್‌ಲೈಟ್ ವೈರಿನಲ್ಲಿ ಇದ್ದಿದ್ದರೆ ಹೀಗೋ ಹಾಗೋ ಕೆಲಸ ಆಗ್ತಿತ್ತು. ಪಲ್ಸರ್ ಸಿಗ್ನಲ್ ಬಹಳ ಬಡಪಾಯಿ. ಸೆಲ್ಫ್ ತಿರುಗುವಾಗ ಹಲವು ಹೋಂಡಾ ಮ್ಯಾನ್ಯುಯಲ್‌ಗಳು ಕೇಳೋದೇ ಪೀಕ್ ವೋಲ್ಟೇಜ್ ಕನಿಷ್ಠ 0.7. ಅಷ್ಟು ಸಣ್ಣ ವೋಲ್ಟೇಜು ಪಿನ್ ಮೇಲಿನ ತೆಳು ಕಿಲುಬನ್ನೂ ಭೇದಿಸಿ ಹೋಗಲ್ಲ.

ನ್ಯೂಟ್ರಲ್‌ಲೈಟ್
ಸಿಕ್ತು! ನೀಲಿ-ಹಳದಿ ವೈರಿನ ಪಿನ್ ಸುಮಾರು 2 ಮಿಲಿಮೀಟರ್ ಹಿಂದಿದೆ. ನಾಲಿಗೆ ಪೂರಾ ಚಪ್ಪಟೆ, ಪಿನ್ ಬಾಯಲ್ಲಿ ಚೂರು ಹಸಿರು ಕಿಲುಬು. ಪಿನ್ ಎತ್ತಿ ಕೂರಿಸಿದರೆ ಸಾಕಾ, ವೈರ್ ಕತ್ತರಿಸಿ ನೇರ ಬೆಸುಗೆ ಹಾಕಿಬಿಡಲಾ?

ಗ್ರೀಸ್‌ಕೈ
ಬೆಸುಗೆ ಹಾಕಿ. ಕಪ್ಲರೇ ಇಲ್ಲದಿದ್ದರೆ ಲೂಸ್ ಆಗೋದೂ ಇಲ್ಲ.

ತಂತಿಬಾಲ
ಬೆಸುಗೆ ಬೇಡ. ಸೀಸ ವೈರಿನ ಎಳೆಗಳ ಸಂದಿಯಲ್ಲಿ ಮೇಲಕ್ಕೆ ಹೀರಿಕೊಂಡು ಆ ಭಾಗ ಸೆಟೆದು ಕಡ್ಡಿ ಆಗುತ್ತೆ. ಎಂಜಿನ್ ಅದುರಿಗೆ ಕಡ್ಡಿ ಮುಗಿದು ಮೆತ್ತನೆ ವೈರ್ ಶುರುವಾಗೋ ಜಾಗದಲ್ಲೇ ತುಂಡಾಗುತ್ತೆ. ಮುಂದೆ ನಿಜವಾಗಲೂ ಕವರ್ ಬಿಚ್ಚಬೇಕಾದಾಗ ವೈರ್ ಕತ್ತರಿಸಬೇಕು, ಅದು ಬೇರೆ.

ಒಳ್ಳೇದು ಅಂದ್ರೆ ಅದೇ ಅಳತೆಯ ಹೊಸ ಪಿನ್ ಹಾಕಿ ಕ್ರಿಂಪ್ ಮಾಡೋದು (ಇಕ್ಕಳದಲ್ಲಿ ಒತ್ತಿ ಮಡಿಸೋದು): ತಾಮ್ರಕ್ಕೆ ಒಂದು ಮಡಿಕೆ, ಹಿಂದಿನ ರೆಕ್ಕೆ ಪ್ಲಾಸ್ಟಿಕ್ ಸಿಪ್ಪೆಯ ಮೇಲೆ. ಹೊಸ ಪಿನ್ ಸಿಗದಿದ್ದರೆ ಹಳೇದನ್ನ ಹೊರಗೆ ತೆಗೆದು, ಬ್ಲೇಡ್ ತುದಿಯಿಂದ ನಾಲಿಗೆಯನ್ನ ಮೆಲ್ಲಗೆ ಎತ್ತಿ. ಒಂದೇ ಸಲ, ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ, ಮರಳು ಕಾಗದ ಬೇಡ, ಪಿನ್ ಮೇಲಿನ ತವರದ ಲೇಪ ಹೋಗುತ್ತೆ. ಹೆಣ್ಣು ಪಿನ್ ಹಿಡಿತ ನೋಡೋಕೆ ಅದೇ ಅಳತೆಯ ಒಂಟಿ ಗಂಡು ಪಿನ್ ತೂರಿಸಿ ತಲೆಕೆಳಗೆ ಹಿಡೀರಿ, ತಾನಾಗೇ ಜಾರಿ ಬಿದ್ದರೆ ಹಿಡಿತ ಇಲ್ಲ. ಆಮೇಲೆ ಪಿನ್ ಒಳಗೆ ತಳ್ಳಿ ಟಿಕ್ ಅನ್ನೋವರೆಗೆ, ವೈರ್ ಹಿಡಿದು ಮೆಲ್ಲಗೆ ಎಳೆದು ನೋಡಿ.

ಹೆಡ್‌ಲೈಟ್
ಪಿನ್ ಯಾಕೆ ಹಿಂದೆ ಬಂತು ಅನ್ನೋದನ್ನೂ ನೋಡಿ. ಆ ವೈರ್ ಎಲ್ಲೋ ಬಿಗಿಯಾಗಿ ಎಳೆದು ಕಟ್ಟಿರಬೇಕು. ಕೇಬಲ್ ಟೈ ಸಡಿಲಿಸಿ ಕಪ್ಲರ್ ಹತ್ತಿರ ಎರಡು ಬೆರಳಷ್ಟು ಸಡಿಲು ಕೊಡಿ, ಇಲ್ಲದಿದ್ದರೆ ಹೊಸ ಪಿನ್ನೂ ಅದೇ ದಾರಿ ಹಿಡಿಯುತ್ತೆ.

ನ್ಯೂಟ್ರಲ್‌ಲೈಟ್
ಹೆಡ್‌ಲೈಟ್ ಹೇಳಿದ್ದು ಸರಿ ಇತ್ತು. ಫ್ರೇಮ್ ಕ್ಲಿಪ್ಪಿನ ತಪ್ಪು ಬದಿಯಿಂದ ವೈರ್ ಹಾಯಿಸಿದ್ದರು, ತಂತಿ ಹಾಗೆ ಬಿಗಿದಿತ್ತು. ದಾರಿ ಸರಿ ಮಾಡಿ, ಹೊಸ ಪಿನ್ ಕ್ರಿಂಪ್ ಮಾಡಿದ್ದಾಯ್ತು. 50 ನಿಮಿಷದಂತೆ ಮೂರು ಸಲ ಓಡಿಸಿದೆ, ನಿಂತಿಲ್ಲ. ಬಿಸಿಯಲ್ಲಿ ಇಸಿಯು ಕಡೆ 245, ವೈರ್ ಎಳೆದರೂ ಅಲ್ಲಾಡಲ್ಲ. ಎಲ್‌ಇಡಿ ಇನ್ನೊಂದು ವಾರ ಹಾಗೇ ಇರಲಿ ಅಂತ ಬಿಟ್ಟಿದ್ದೀನಿ.

ಮಳೆಸವಾರ
ನನ್ನದೂ ಸಿಕ್ತು, ಆರ್‌ಪಿಎಂ ಅವರೇ. ಕ್ಯಾಪಲ್ಲ, ಹೈಟೆನ್ಷನ್ ವೈರ್ ಕಾಯಿಲ್‌ನಿಂದ ಹೊರಬರೋ ಬುಡದಲ್ಲಿ ನೀಲಿ ಕಿಡಿ. ವೈರ್ ಕಾಯಿಲ್‌ಗೆ ಅಚ್ಚಾಗಿ ಸೇರಿಕೊಂಡಿದೆ, ಬಿಚ್ಚೋಕೆ ಬರಲ್ಲ. ಏನು ಮಾಡೋದು?

ಆರ್‌ಪಿಎಂ
ಹಾಗಿದ್ದರೆ ಕಾಯಿಲ್ ಸಮೇತ ಬದಲಾಯಿಸಿ. ಅಲ್ಲಿಗೆ ಟೇಪು, ಅಂಟು ಯಾವುದೂ ನಿಲ್ಲಲ್ಲ. ಹೊಸದು ಕೊಳ್ಳುವಾಗ ಪ್ರೈಮರಿ (ಕರೆಂಟ್ ಒಳಬರೋ ಕಡೆಯ ಸುರುಳಿ) ಓಮ್ ಹಳೇದರಷ್ಟೇ ಇರಬೇಕು: ಸಿಡಿಐ ಕಾಯಿಲ್ 1 ಓಮ್‌ಗಿಂತ ಕೆಳಗೆ, ಟಿಸಿಐ ಮತ್ತು ಇಸಿಯು ಗಾಡಿಯದ್ದು ಸಾಮಾನ್ಯವಾಗಿ 2ರಿಂದ 5. ಸಿಡಿಐ ಕಾಯಿಲನ್ನ ಟಿಸಿಐ ಗಾಡಿಗೆ ಹಾಕಿದರೆ ಕಾಯಿಲ್ ಕಾದು, ಅದನ್ನ ಓಡಿಸೋ ಯೂನಿಟ್ಟೂ ಸುಡುತ್ತೆ.